ಕಿವಿಪಡೆಯ ಮೇಲೊಂದು ಕಣ್ಣು

ಒಂದು ಕಾಡಿನಲ್ಲಿ ಚಿರತೆಯ ಕಾಟ ಬಹಳ ಇತ್ತು. ಅದಕ್ಕಾಗಿ ಅಲ್ಲಿ ಒಂದು ಕಿವಿಪಡೆ ಹುಟ್ಟಿಕೊಂಡಿತು.

ಕಿವಿಪಡೆ ಹಕ್ಕಿಗಳದ್ದು. ಮರದ ಮೇಲೆ ಕೂರುವುದು, ಪೊದೆಗಳಲ್ಲಿ ಸುಳಿದಾಡುವುದು, ಸದ್ದು ಕೇಳುವುದು, ಚಿರತೆ ಬಂದರೆ ಕೂಗುವುದು. ಇಷ್ಟೇ ಕೆಲಸ. ಕೂಗು ಕೇಳಿದೊಡನೆ ಎಲ್ಲ ಪ್ರಾಣಿಗಳೂ ಇದ್ದ ಕೆಲಸ ಬಿಟ್ಟು ಬಂಡೆಗುಡ್ಡಕ್ಕೆ ಓಡಬೇಕು. ಎಲ್ಲಿ, ಯಾವಾಗ, ನೋಡಿದವರು ಯಾರು ಎಂದು ಕೇಳುವ ಹಾಗಿಲ್ಲ. ಹಿಂದೆ ಹಾಗೆ ಕೇಳುತ್ತಾ ನಿಂತವರು ಚಿರತೆಯ ಪಾಲಾಗಿದ್ದರು. ಕಟ್ಟಳೆ ಒಳ್ಳೆಯದೇ. ಎಷ್ಟೋ ಮರಿಗಳು ಅದರಿಂದ ಉಳಿದಿದ್ದವು.

ಪಡೆಯ ಯಜಮಾನ ಭೀಮರಾಜ. ಕಾಜಾಣದ ಜಾತಿ. ಕಪ್ಪು ಮೈ, ನೆತ್ತಿಯ ಮೇಲೆ ಜುಟ್ಟು, ಉದ್ದ ಬಾಲದ ತುದಿಗೆ ಎರಡು ಕುಚ್ಚು. ಕಾಡಿನ ಎಲ್ಲರ ದನಿಯೂ ಅವನ ಗಂಟಲಲ್ಲಿತ್ತು. ಸಂಜೆ ಮರಿಗಳನ್ನು ಕೂರಿಸಿಕೊಂಡು ನವಿಲಿನಂತೆ ಕೂಗುತ್ತಿದ್ದ, ಹಂದಿಯಂತೆ ಗುಟುರು ಹಾಕುತ್ತಿದ್ದ. ಮರಿಗಳು ಬಿದ್ದು ಬಿದ್ದು ನಗುತ್ತಿದ್ದವು. ಕಣ್ಣು ಚುರುಕು. ಬುದ್ಧಿ ಚುರುಕು. ನಾಲಿಗೆ ಇನ್ನೂ ಚುರುಕು.

ಪಡೆಯ ಉಳಿದವರು ಹರಟೆಮಲ್ಲ ಹಕ್ಕಿಗಳು. ಬೂದು ಬಣ್ಣ, ಸದಾ ಗಲಾಟೆ, ಮನಸ್ಸು ಮಾತ್ರ ಒಳ್ಳೆಯದು. ನೆಲದ ಮೇಲೆ ಗುಂಪಾಗಿ ಕುಪ್ಪಳಿಸುತ್ತಾ, ತರಗೆಲೆ ಮಗುಚುತ್ತಾ, ಹುಳ ತಿನ್ನುತ್ತಾ ಸುದ್ದಿ ಕೂಡಿಸುತ್ತಿದ್ದವು.

ಬರಬರುತ್ತಾ ಕೂಗು ಹೆಚ್ಚಾಯಿತು. ಜಿಂಕೆ ಹುಲ್ಲಿಗೆ ಬಾಯಿ ಹಾಕಿತೋ ಇಲ್ಲವೋ, "ಚಿರತೆ! ಚಿರತೆ!" ಹಂದಿ ಗೆಡ್ಡೆ ಅಗೆದು ಮುಗಿಸಿತೋ ಇಲ್ಲವೋ, "ಚಿರತೆ! ಚಿರತೆ!" ಎಲ್ಲರೂ ಗುಡ್ಡಕ್ಕೆ ಓಡಿದರು. ಇಳಿದರು. ಮತ್ತೆ ಓಡಿದರು. ಮರಿಗಳ ಹೊಟ್ಟೆ ಬೆನ್ನಿಗೆ ಹತ್ತಿತು.

ಕಾಡಿನ ಹಿರಿಯಳು ಗೌರಜ್ಜಿ ಎಂಬ ಮುದಿ ಆನೆ. ಅವಳು ಹೇಳಿದ್ದೇ ತೀರ್ಮಾನ. ಅವಳು ಯೋಚಿಸಿದಳು. "ನಮ್ಮನ್ನ ನೋಡಿಕೊಳ್ಳೋಕೆ ಅವರಿದ್ದಾರೆ. ಅವರನ್ನ ನೋಡೋಕೆ ಯಾರಿದ್ದಾರೆ?"

ಮೊದಲು ನವಿಲನ್ನು ನೇಮಿಸಿದಳು. ಭೀಮರಾಜ ಅದರ ಗರಿಯನ್ನು ಹೊಗಳಿದ. ನವಿಲು ಅಂದೇ ಸಂಜೆ ಬಂದು, "ಎಲ್ಲ ಬಹಳ ಚೆನ್ನಾಗಿದೆ ಅಜ್ಜಿ" ಎಂದಿತು. ಆಮೇಲೆ ಕೋತಿಯನ್ನು ನೇಮಿಸಿದಳು. ಪಡೆಯ ಗುಟ್ಟುಗಳೆಲ್ಲ ಮರುದಿನವೇ ಕೆರೆಯ ಕಪ್ಪೆಗಳ ಬಾಯಲ್ಲಿದ್ದವು.

ಕೊನೆಗೆ ಅವಳು ಮಾಳಪ್ಪನನ್ನು ಕರೆಸಿದಳು.

ಮಾಳಪ್ಪ ಮುಳ್ಳುಹಂದಿ. ಅವನ ಬೆನ್ನು ತಟ್ಟಿ ಒಲಿಸಿಕೊಳ್ಳಲು ಯಾರಿಂದಲೂ ಆಗುತ್ತಿರಲಿಲ್ಲ. ಹೆಗಲ ಮೇಲೆ ಕೈ ಹಾಕಿ ಕಿವಿಯಲ್ಲಿ ಮಾತಾಡಲೂ ಆಗುತ್ತಿರಲಿಲ್ಲ. ಗೌರಜ್ಜಿಗೆ ಅದೇ ಬೇಕಾಗಿತ್ತು.

"ಏನಯ್ಯಾ ಮಾಳಪ್ಪ, ಕಿವಿಪಡೆಯ ಮೇಲ್ವಿಚಾರಣೆ ಮಾಡ್ತೀಯಾ?"

"ನಾನು ಹಗಲು ಮಲಗೋನು."

"ಇನ್ನು ಮೇಲೆ ಏಳು."

"ಮರ ಹತ್ತೋಕೆ ಬರಲ್ಲ."

"ಗೊತ್ತು."

"ಮಾತಾಡೋಕೂ ಅಷ್ಟಾಗಿ ಬರಲ್ಲ."

"ಅದಕ್ಕೇ ಕರೆಸಿದ್ದು."

ಗೌರಜ್ಜಿ ಕರಾರು ಹೇಳಿದಳು. ಅವನು ಎಲ್ಲಿ ಬೇಕಾದರೂ ನೋಡಬಹುದು. ಯಾರನ್ನು ಬೇಕಾದರೂ ಕೇಳಬಹುದು. ಅಪ್ಪಣೆ ಕೊಡುವ ಹಾಗಿಲ್ಲ, ಶಿಕ್ಷೆ ಕೊಡುವ ಹಾಗಿಲ್ಲ. ಕಿವಿಪಡೆಯ ಒಳಗೆ ಕೇಳಿದ್ದನ್ನು ಗೌರಜ್ಜಿಗೆ ಬಿಟ್ಟು ಬೇರೆ ಯಾರಿಗೂ ಹೇಳುವ ಹಾಗಿಲ್ಲ.

"ನಿಂಗವ್ವನಿಗೂ?" ಎಂದು ಕೇಳಿದ ಮಾಳಪ್ಪ. ನಿಂಗವ್ವ ಅವನ ಹೆಂಡತಿ.

"ನಿಂಗವ್ವನಿಗೂ."

ಉಳಿದದ್ದೆಲ್ಲ ಅವನಿಗೆ ಕಷ್ಟವಾಗಿ ಕಾಣಲಿಲ್ಲ. ಇದು ಕಂಡಿತು.

"ಆಯ್ತು" ಎಂದ.

ನಿಂಗವ್ವ ಸುಮ್ಮನಿರುವವಳಲ್ಲ. ಅವನು ಬಿಲಕ್ಕೆ ಬರುತ್ತಲೇ ಶುರು ಮಾಡುತ್ತಿದ್ದಳು. "ಏನಾಯ್ತು ಇವತ್ತು?"

"ಏನಿಲ್ಲ."

"ನಿದ್ದೆಗೆಟ್ಟು ಕಣ್ಣು ಹೀಗೆ ಕೆಂಪಾಗಿದೆ. ಏನಿಲ್ಲವಂತೆ! ನನ್ನ ಹತ್ತಿರವೂ ಹೇಳದಂಥದ್ದು ಏನು ಮಾರಾಯ್ರೇ ಅದು?"

"ಹೇಳುವ ಹಾಗಿಲ್ಲ."

ಅವಳು ಸಿಟ್ಟಿನಿಂದ ಒಂದು ಗೆಡ್ಡೆಯನ್ನು ಅವನ ಕಡೆ ಎಸೆಯುತ್ತಿದ್ದಳು. ಎಸೆದದ್ದು ಯಾವಾಗಲೂ ಎಳೆಯ ಗೆಡ್ಡೆಯೇ. ಅವನು ಅದನ್ನು ತಿಂದು ಮಲಗುತ್ತಿದ್ದ.

ಮೊದಲ ದಿನ ಭೀಮರಾಜ ಅವನನ್ನು ದೊಡ್ಡ ಮತ್ತಿಮರದ ಕೆಳಗೆ ಎದುರುಗೊಂಡ. ಮರದ ಮೇಲಿನಿಂದಲೇ ಬಾಗಿ ನಮಸ್ಕಾರ ಮಾಡಿದ.

"ಬನ್ನಿ ಬನ್ನಿ, ಮಾಳಪ್ಪನವರೇ! ನಮ್ಮ ಪುಣ್ಯ. ನಮ್ಮಲ್ಲಿ ಮುಚ್ಚುಮರೆ ಏನೂ ಇಲ್ಲ. ಎಲ್ಲವನ್ನೂ ನೋಡಿ. ಮೇಲೆ ಬನ್ನಿ."

ಮಾಳಪ್ಪ ಮರವನ್ನು ನೋಡಿದ. ಮರ ಬಹಳ ಎತ್ತರವಾಗಿತ್ತು.

"ಕೆಳಗೆ ಏನೂ ಇಲ್ವಾ?"

"ಕೆಳಗಾ? ಛೆ ಛೆ. ಗುಟ್ಟಿನ ವಿಷಯ ಸ್ವಾಮಿ. ಎಲ್ಲ ಮೇಲೇ ಇರುತ್ತೆ. ನಿಮಗೆ ಹತ್ತೋಕಾಗಲ್ಲ ಅಂದ್ರೆ ನಾನೇನು ಮಾಡಲಿ ಹೇಳಿ?"

ಹರಟೆಮಲ್ಲಗಳು ಕಿಸಕ್ಕೆಂದವು. ಮಾಳಪ್ಪ ಮರದ ಬುಡದಲ್ಲಿ ಕುಳಿತ. ಅವನಿಗೆ ಸಿಟ್ಟು ಬರಲು ಬಹಳ ಹೊತ್ತು ಬೇಕಾಗುತ್ತಿತ್ತು. ಅಷ್ಟರಲ್ಲಿ ಅವನಿಗೆ ಒಂದು ವಿಷಯ ಹೊಳೆಯಿತು.

"ಚಿರತೆ ಹಾರುತ್ತಾ?" ಎಂದು ಕೇಳಿದ.

"ಏನು ಸ್ವಾಮಿ ತಮಾಷೆ! ಚಿರತೆ ಎಲ್ಲಾದರೂ ಹಾರುತ್ತಾ? ನಡೆಯುತ್ತೆ."

"ಸರಿ" ಎಂದ ಮಾಳಪ್ಪ. ಎದ್ದು ಹೊರಟುಹೋದ.

ಅಂದಿನಿಂದ ಅವನ ಕೆಲಸದ ರೀತಿ ಒಂದೇ. ಕೂಗು ಕೇಳಿದಾಗ ಎಲ್ಲರೂ ಗುಡ್ಡದ ಕಡೆ ಓಡುತ್ತಿದ್ದರು. ಮಾಳಪ್ಪ ಮಾತ್ರ ಕೂಗು ಬಂದ ಕಡೆಗೆ ಹೋಗುತ್ತಿದ್ದ. ನೆಲ ಮೂಸುತ್ತಿದ್ದ. ಹೆಜ್ಜೆ ಹುಡುಕುತ್ತಿದ್ದ. ಓಡುವ ಜಿಂಕೆಗಳಿಗೂ ಹಂದಿಗಳಿಗೂ ಎದುರಾಗಿ ಅವನೊಬ್ಬನೇ ಗಲಗಲ ಮುಳ್ಳಿನ ಸದ್ದು ಮಾಡುತ್ತಾ ನಡೆದುಹೋಗುವುದು ನೋಡಲು ಚೆನ್ನಾಗಿತ್ತು. "ಹುಚ್ಚು ಹಿಡಿದಿದೆ ಪಾಪ" ಎಂದು ಹಂದಿಗಳು ಮಾತಾಡಿಕೊಂಡವು.

ಮೊದಲ ಸಲ ಹೋದಾಗಲೇ ಪೊದೆಯ ಹಿಂದೆ ಚಿರತೆ ಕುಳಿತಿತ್ತು.

"ಎಲ್ಲರೂ ಓಡಿದರಲ್ಲ, ನೀನ್ಯಾಕೋ ಬಂದೆ?" ಎಂದಿತು ಚಿರತೆ.

"ನೀನು ಇದ್ದೀಯೋ ಇಲ್ವೋ ನೋಡೋಣ ಅಂತ."

"ಇದ್ದೀನಲ್ಲ."

"ಕಾಣ್ತಿದೆ."

ಮಾಳಪ್ಪ ಬೆನ್ನು ತಿರುಗಿಸಿ ಮುಳ್ಳುಗಳನ್ನೆಲ್ಲ ನಿಮಿರಿಸಿದ. ಚಿರತೆಗೆ ಚಿಕ್ಕಂದಿನಲ್ಲಿ ಅಂಥದೊಂದು ಮುಳ್ಳು ಮೂಗಿಗೆ ಚುಚ್ಚಿತ್ತು. ಅದು ಒಮ್ಮೆ ಮೂಗು ಮುಟ್ಟಿಕೊಂಡಿತು. ಎದ್ದು ಬೇರೆ ದಾರಿ ಹಿಡಿಯಿತು.

ಸಂಜೆ ಮಾಳಪ್ಪ ಗೌರಜ್ಜಿಯ ಮುಂದೆ ನಿಂತ. "ಹೆಜ್ಜೆ ಇತ್ತು" ಎಂದ.

ಹರಟೆಮಲ್ಲಗಳಿಗೆ ಆಶ್ಚರ್ಯವಾಯಿತು. ಇವನು ತಮ್ಮ ತಪ್ಪು ಹುಡುಕಲು ಬಂದವನು ಎಂದು ಅವು ತಿಳಿದಿದ್ದವು. "ನಮ್ಮ ಕೂಗು ನಿಜ ಅಂದನಂತೆ ಕಣೇ!" ಎಂದು ಒಂದಕ್ಕೊಂದು ಹೇಳಿಕೊಂಡು ಕುಣಿದಾಡಿದವು. ಅಂದಿನಿಂದ ಅವು ಅವನನ್ನು ನೋಡಿ ನಗುವುದನ್ನು ಬಿಟ್ಟವು.

ಆದರೆ ಬಹಳ ದಿನ ಮಾಳಪ್ಪ ಬಂದು ಹೇಳುತ್ತಿದ್ದುದು, "ಹೆಜ್ಜೆ ಇರಲಿಲ್ಲ."

ಗೌರಜ್ಜಿ ಭೀಮರಾಜನನ್ನು ಕರೆದು ಕೇಳುವಳು. ಭೀಮರಾಜ ಎದೆಯುಬ್ಬಿಸಿ ಹೇಳುವನು. "ಹೆಜ್ಜೆ ಹೇಗಿರುತ್ತೆ ಅಮ್ಮಾ? ನಾವು ಕೂಗಿದ್ದು ಕೇಳಿ ಚಿರತೆ ದೂರದಿಂದಲೇ ಹಿಂದಕ್ಕೆ ಹೋಯ್ತು. ಬರಲಿಲ್ಲ ಅನ್ನೋದೇ ನಮ್ಮ ಕೆಲಸಕ್ಕೆ ಸಾಕ್ಷಿ."

ಬಂದರೆ ಪಡೆಯ ಹೆಚ್ಚುಗಾರಿಕೆ. ಬರದಿದ್ದರೆ ಇನ್ನೂ ಹೆಚ್ಚುಗಾರಿಕೆ. ಗೌರಜ್ಜಿ ಕಿವಿ ಬೀಸಿಕೊಳ್ಳುತ್ತಾ ಸುಮ್ಮನಾಗುವಳು. ಅವಳಿಗೆ ಬೇರೆ ದಾರಿ ಇರಲಿಲ್ಲ. ಒಂದು ಸಲ ಕೂಗು ನಿಲ್ಲಿಸಿ ಎಂದು ಹೇಳಿ, ಆ ಸಲವೇ ಚಿರತೆ ಬಂದುಬಿಟ್ಟರೆ?

ಹೀಗೆ ಬೇಸಿಗೆಗಳು ಕಳೆದವು, ಮಳೆಗಾಲಗಳು ಕಳೆದವು. ಮಾಳಪ್ಪನ ಮೂತಿಯ ಕೂದಲು ನರೆಯಿತು. ಅವನು ಹೋಗುವುದನ್ನು ಬಿಡಲಿಲ್ಲ. ಹೋಗಿ ಹೋಗಿ ಇನ್ನೊಂದು ವಿಷಯ ಅವನ ಕಣ್ಣಿಗೆ ಬಿತ್ತು. ಹೆಜ್ಜೆ ಇಲ್ಲದ ಜಾಗಗಳಲ್ಲೆಲ್ಲ ತರಗೆಲೆ ಆಗತಾನೇ ಮಗುಚಿರುತ್ತಿತ್ತು. ಹುಳದ ಕಾಲು, ಮಿಡತೆಯ ರೆಕ್ಕೆ ಚೆಲ್ಲಿರುತ್ತಿದ್ದವು. ಹೆಜ್ಜೆ ಇದ್ದ ಜಾಗಗಳಲ್ಲಿ ಹಾಗಿರಲಿಲ್ಲ.

ಅವನು ಹರಟೆಮಲ್ಲಗಳ ಹಿರಿಯಳಾದ ಬೂದಕ್ಕನನ್ನು ಕೇಳಿದ. "ನಿನ್ನೆ ಕೂಗಿದಾಗ ನೀವು ಏನು ಮಾಡ್ತಿದ್ರಿ?"

"ತಿನ್ನುತ್ತಾ ಇದ್ವಪ್ಪ. ಒಳ್ಳೇ ಕೊಬ್ಬಿದ ಹುಳ ಸಿಕ್ಕಿತ್ತು. ಬಾಯಿಗೆ ಹಾಕೋ ಹೊತ್ತಿಗೆ ಭೀಮರಾಜ ಕೂಗಿದ. ಬಿಟ್ಟು ಓಡಿದ್ವಿ."

"ಬಂದು ನೋಡಿದಾಗ ಹುಳ ಇತ್ತಾ?"

"ಎಲ್ಲಿರುತ್ತೆ? ಚಿರತೆ ತಿಂದಿರಬೇಕು."

ಹೇಳಿದ ಮೇಲೆ ಬೂದಕ್ಕನಿಗೂ ಏನೋ ಒಂಥರಾ ಆಯಿತು. ಚಿರತೆ ಹುಳ ತಿನ್ನುವುದನ್ನು ಅವಳು ಎಂದೂ ಕಂಡಿರಲಿಲ್ಲ. ಆದರೆ ಯಜಮಾನನ ಮೇಲೆ ಅನುಮಾನ ಪಡುವುದು ಅವಳಿಗೆ ಅಭ್ಯಾಸವಿರಲಿಲ್ಲ.

ಮಾಳಪ್ಪ ಹುಳದ ವಿಷಯ ಕೇಳಿದ ಸುದ್ದಿ ಭೀಮರಾಜನಿಗೆ ಮುಟ್ಟಿತು. ಅವನ ಜುಟ್ಟು ನಿಮಿರಿತು. ಈಗ ಕಾಡನ್ನು ಚೆನ್ನಾಗಿ ಹೆದರಿಸಬೇಕು, ಹೆದರಿದವರು ಹುಳದ ಲೆಕ್ಕ ಕೇಳುವುದಿಲ್ಲ ಎಂದುಕೊಂಡ. ಅದಕ್ಕೆ ಅವನು ಕೆಂಚಿಯನ್ನು ಆರಿಸಿಕೊಂಡ.

ಕೆಂಚಿ ಕಾಡುಕುರಿ. ನಾಯಿಯ ಹಾಗೆ ಬೊಗಳುತ್ತದಲ್ಲ, ಆ ಚಿಕ್ಕ ಜಿಂಕೆ. ಅವಳು ಕಿವಿಪಡೆಯವಳಲ್ಲ. ಆದರೆ ಚಿರತೆಯನ್ನು ಕಣ್ಣಾರೆ ಕಂಡರೆ ತಾನೇ ಬೊಗಳುತ್ತಿದ್ದಳು. ಅವಳು ಬೊಗಳಿದ ದಿನ ಹೆಜ್ಜೆ ಇಲ್ಲದಿದ್ದದ್ದು ಮಾಳಪ್ಪನಿಗೆ ನೆನಪಿಲ್ಲ. ಆಗ ಅವಳು ಬಸುರಿ. ಓಡಿ ಓಡಿ ಸಾಕಾಗಿತ್ತು. ಒಂದು ದಿನ ಪಡೆ ಕೂಗಿದಾಗ ಅವಳು ಓಡಲೇ ಇಲ್ಲ. ಹೊಳೆಯ ಪಕ್ಕದ ಹುಲ್ಲಿನಲ್ಲಿ ಮಲಗಿ ಮರಿ ಹಾಕಿದಳು.

ಭೀಮರಾಜ ಗೌರಜ್ಜಿಯ ಬಳಿಗೆ ಹಾರಿದ. "ಅಮ್ಮಾ, ಕೂಗಿದರೂ ಕೆಂಚಿ ಓಡಲಿಲ್ಲ. ಯಾಕೆ ಗೊತ್ತೇ? ಅವಳಿಗೆ ಚಿರತೆಯ ಭಯ ಇಲ್ಲ. ಅವಳು ಚಿರತೆಯ ಕಡೆಯವಳು. ಅವಳು ಅದರ ಜೊತೆ ಮಾತಾಡಿದ್ದನ್ನು ನಮ್ಮವರು ಕೇಳಿದ್ದಾರೆ."

"ಯಾರು ಕೇಳಿದ್ದು? ಏನಂತ ಮಾತಾಡಿದಳು?"

"ಅದು ಪಡೆಯ ಗುಟ್ಟು. ಬಾಯಿ ಬಿಟ್ಟರೆ ಕೇಳಿದವರ ಜೀವಕ್ಕೆ ಅಪಾಯ."

ಸುದ್ದಿ ಕಾಡಿಗೆಲ್ಲ ಹಬ್ಬಿತು. ಚಿರತೆಯ ಕಡೆಯವರಿಗೆ ಆ ಕಾಡಿನಲ್ಲಿ ಒಂದೇ ಶಿಕ್ಷೆ. ಹೊಳೆ ದಾಟಿಸಿ ಆಚೆ ದಡಕ್ಕೆ ಅಟ್ಟುವುದು. ಆಚೆ ದಡದಲ್ಲಿ ಸೀಳುನಾಯಿಗಳಿದ್ದವು. ಕೆಂಚಿಯ ಮರಿಗೆ ಇನ್ನೂ ನೆಟ್ಟಗೆ ನಿಲ್ಲಲೂ ಬರುತ್ತಿರಲಿಲ್ಲ. ಹೊಳೆ ಮಳೆಯ ನೀರಿನಿಂದ ತುಂಬಿ ಹರಿಯುತ್ತಿತ್ತು.

ನಾಳೆ ಸಂಜೆ ವಿಚಾರಣೆ ಎಂದಳು ಗೌರಜ್ಜಿ. ಮಾಳಪ್ಪನನ್ನು ಕರೆದಳು. "ಅವರು ಕೇಳಿದ್ದು ನಿಜವೋ ಅಲ್ಲವೋ, ನೋಡು."

ಮಾಳಪ್ಪ ಕೇಳಿದರೆ ಭೀಮರಾಜ ಹೇಳಲೇಬೇಕು. ಅದು ಕರಾರು. ಅವನು ಬೂದಕ್ಕನನ್ನು ಮುಂದೆ ತಂದು ನಿಲ್ಲಿಸಿದ. ಬೂದಕ್ಕ ಅಳುತ್ತಿದ್ದಳು.

"ಕೆಂಚಿಯದೇ ದನಿ ಮಾಳಪ್ಪ. ಸುಳ್ಳಾದರೆ ನನ್ನ ರೆಕ್ಕೆ ಉದುರಿಹೋಗಲಿ. ಮೊನ್ನೆ ಬೆಳಿಗ್ಗೆ ಬಿದಿರುಮೆಳೆಯ ಹಿಂದಿನಿಂದ ಕೇಳಿಸಿತು."

"ಕಂಡೆಯಾ?"

"ಮೆಳೆ ಅಡ್ಡ ಇತ್ತು."

"ಏನಂದಳು?"

ಬೂದಕ್ಕ ಅವನ ಮೂತಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು. ಅವಳು ಹೇಳಿದ್ದನ್ನು ಮಾಳಪ್ಪ ಗೌರಜ್ಜಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಆದ್ದರಿಂದ ಇಲ್ಲಿಯೂ ಹೇಳುವ ಹಾಗಿಲ್ಲ. ಕೇಳಿದರೆ ಯಾವ ತಾಯಿಯೂ ನಿದ್ದೆ ಮಾಡಲಾರದಂಥ ಮಾತು ಅದು. ಅಷ್ಟು ಸಾಕು.

ಅಲ್ಲಿಂದ ಅವನು ಹೊಳೆಯ ದಡಕ್ಕೆ ಹೋದ. ಕೆಂಚಿ ಮರಿಯನ್ನು ನೆಕ್ಕುತ್ತಾ ಮಲಗಿದ್ದಳು. ಅವನನ್ನು ಕಂಡು ಧಡಕ್ಕನೆ ಎದ್ದಳು.

"ಮಾಳಪ್ಪಣ್ಣ, ನಾನೇನು ಮಾಡಿದೆ?"

ಅವನು ಮರಿಯ ಕಡೆ ನೋಡಿದ.

"ಏನೋ ಅಂದೆನಂತಲ್ಲ. ಏನಂದೆ? ಅದನ್ನಾದರೂ ಹೇಳು. ಯಾವ ಮಾತು ಅಂತ ಗೊತ್ತಾದರೆ ತಾನೇ ಇಲ್ಲ ಅನ್ನೋಕೆ ಆಗೋದು?"

"ಹೇಳುವ ಹಾಗಿಲ್ಲ."

"ಯಾರು ಕೇಳಿದರು?"

"ಹೇಳುವ ಹಾಗಿಲ್ಲ."

"ಇದೆಂಥ ಕೆಲಸ ಅಣ್ಣಾ ನಿಂದು? ನನ್ನ ಮರಿ ಹೊಳೆ ಪಾಲಾದ ಮೇಲೂ ಹೀಗೇ ಬಾಯಿ ಮುಚ್ಚಿಕೊಂಡಿರ್ತೀಯಾ?"

ಮಾಳಪ್ಪ ನೆಲ ನೋಡಿದ. "ಮೊನ್ನೆ ಬೆಳಿಗ್ಗೆ ಎಲ್ಲಿದ್ದೆ?" ಎಂದಷ್ಟೇ ಕೇಳಿದ.

"ಇಲ್ಲೇ. ನೋವು ತಿನ್ನುತ್ತಾ. ಇನ್ನೆಲ್ಲಿಗೆ ಹೋಗಲಿ?"

ಮಾಳಪ್ಪ ಹುಲ್ಲನ್ನು ಮೂಸಿದ. ಹೆರಿಗೆಯ ವಾಸನೆ ಇನ್ನೂ ಇತ್ತು. ಅಲ್ಲಿಂದ ಬಿದಿರುಮೆಳೆಗೆ ಬಹಳ ದೂರ. ಆ ಸ್ಥಿತಿಯಲ್ಲಿ ಯಾರೂ ಅಷ್ಟು ನಡೆಯುವುದಿಲ್ಲ. ಆದರೂ ಅವನು ಮೆಳೆಯವರೆಗೆ ಹೋಗಿ ನೋಡಿದ. ಗೊರಸಿನ ಗುರುತು ಇರಲಿಲ್ಲ. ಚಿರತೆಯ ಹೆಜ್ಜೆಯೂ ಇರಲಿಲ್ಲ.

ಗೌರಜ್ಜಿ ಎಲ್ಲವನ್ನೂ ಕೇಳಿದಳು. "ಮಳೆ ಬಂದಿತ್ತು. ಗುರುತು ಅಳಿಸಿರಬಹುದು."

"ದನಿ ಭೀಮರಾಜನದೂ ಇರಬಹುದು."

"ಇರಬಹುದು. ನನಗೂ ಹಾಗನ್ನಿಸುತ್ತೆ. ಆದರೆ ಅವನ ಹತ್ತಿರ ಕಿವಿಯಾರೆ ಕೇಳಿದವಳಿದ್ದಾಳೆ. ನಿನ್ನ ಹತ್ತಿರ ಇರೋದು ಊಹೆ. ನಾಳೆ ಕೆಂಚಿ ನಿಜವಾಗಲೂ ಚಿರತೆಯನ್ನ ಕರೆತಂದರೆ ಎಲ್ಲರ ಮರಿಗಳೂ ಹೋಗ್ತವೆ. ಊಹೆ ನಂಬಿಕೊಂಡು ನಾನು ಹೇಗೆ ಬಿಡಲಿ, ಹೇಳು?"

ಅವಳ ಮಾತು ನ್ಯಾಯವಾಗಿಯೇ ಇತ್ತು. ಮಾಳಪ್ಪ ಹೊರಗೆ ಬಂದು ಆಕಾಶ ನೋಡಿದ. ಮಳೆ ಬಿಟ್ಟಿತ್ತು. ನೆಲ ಬೆಚ್ಚಗಾಗುತ್ತಿತ್ತು. ಅವನು ಬಂಡೆಗುಡ್ಡದ ಬುಡದಲ್ಲಿದ್ದ ದೊಡ್ಡ ಹುತ್ತದ ಬಳಿಗೆ ಹೋಗಿ ಕಿವಿಯಿಟ್ಟ. ಒಳಗೆ ಸರಸರ ಸದ್ದು. ಮಣ್ಣು ಕೆರೆದು ಮೂಸಿದ. ಹುಟ್ಟಿದಾಗಿನಿಂದ ಮಣ್ಣು ಅಗೆದವನು ಅವನು. ಹಿಂತಿರುಗಿ ಬಂದ.

"ಎರಡು ಮಾತು ನಡೆಸಿಕೊಡಬೇಕು ಅಜ್ಜಿ."

"ಹೇಳು."

"ವಿಚಾರಣೆ ಹುತ್ತದ ಬಯಲಲ್ಲಿ ಆಗಲಿ. ಅಲ್ಲಿ ಯಾರು ಕೂಗಿದರೂ ನೀನು ಗಾಳಿ ಮೂಸದೆ ಯಾರನ್ನೂ ಓಡಿಸಬೇಡ."

"ಚಿರತೆ ನಿಜವಾಗಲೂ ಬಂದರೆ?"

"ಬಯಲಿಗೆ ಇರೋದು ಒಂದೇ ದಾರಿ. ಅದರ ಬಾಯಲ್ಲಿ ನಾನು ಕೂತಿರ್ತೀನಿ. ಮೊದಲು ನನ್ನನ್ನ ದಾಟಿಕೊಂಡು ಬರಲಿ."

ಗೌರಜ್ಜಿ ಅವನನ್ನೇ ನೋಡಿದಳು. ಯಾಕೆ ಎಂದು ಕೇಳಲಿಲ್ಲ. "ಆಗಲಿ" ಎಂದಳು.

ಮರುದಿನ ಎಲ್ಲರೂ ಹುತ್ತದ ಬಯಲಿನಲ್ಲಿ ಸೇರಿದರು. ಬೆಳಗಿನ ಮಳೆ ಹೋಗಿ ಇಳಿಬಿಸಿಲು ಬಂದಿತ್ತು. ನಡುವೆ ಕೆಂಚಿ, ಅವಳ ಹೊಟ್ಟೆಯ ಕೆಳಗೆ ಮರಿ. ಹರಟೆಮಲ್ಲಗಳು ತಲೆ ತಗ್ಗಿಸಿ ಕುಳಿತಿದ್ದವು. ಮಾಳಪ್ಪ ದಾರಿಯ ಬಾಯಲ್ಲಿ ಕುಳಿತ. ತನ್ನ ಲೆಕ್ಕ ತಪ್ಪಿದರೆ ಹೊತ್ತು ಮುಳುಗುವುದರೊಳಗೆ ಆ ಮರಿ ನೀರಿನಲ್ಲಿರುತ್ತದೆ.

ಭೀಮರಾಜ ಒಣಕೊಂಬೆಯ ಮೇಲೆ ಕುಳಿತು ಭಾಷಣ ಶುರು ಮಾಡಿದ.

"ಕಾಡಿನ ಬಂಧುಗಳೇ! ಈ ವಿಷಯ ತಿಳಿದಾಗಿನಿಂದ ನನಗೆ ಅನ್ನ ಸೇರಿಲ್ಲ, ನೀರು ಸೇರಿಲ್ಲ. ಇದು ತೀರ್ಮಾನವಾಗುವ ತನಕ ಒಂದು ಹುಳವೂ ನನ್ನ ಗಂಟಲಲ್ಲಿ ಇಳಿಯೋದಿಲ್ಲ, ಇದು ನನ್ನ ಶಪಥ!"

"ಪಾಪ" ಎಂದಿತು ಒಂದು ಮೊಲ.

ಅದೇ ಹೊತ್ತಿಗೆ ಹುತ್ತದ ಬಾಯಿಂದ ಒಂದು ಈಸಲು ಹೊರಬಂತು. ಈಸಲು ಎಂದರೆ ರೆಕ್ಕೆ ಬಂದ ಗೆದ್ದಲು. ಮಳೆ ಬಿದ್ದು ಬಿಸಿಲು ಬಂದಾಗ ಏಳುತ್ತದೆ. ಹಕ್ಕಿಗಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಒಂದರ ಹಿಂದೆ ಹತ್ತು ಬಂದವು. ಹತ್ತರ ಹಿಂದೆ ಹೊಗೆಯ ಹಾಗೆ ಎದ್ದವು. ಬಯಲೆಲ್ಲ ಬೆಳ್ಳಿ ರೆಕ್ಕೆಗಳು.

ಹರಟೆಮಲ್ಲಗಳು ತಡೆದುಕೊಳ್ಳಲು ನೋಡಿದವು. ಆಗಲಿಲ್ಲ. ಒಂದು ಕುಪ್ಪಳಿಸಿತು. ಆಮೇಲೆ ಎಲ್ಲವೂ ಬಿದ್ದುಕೊಂಡು ತಿನ್ನತೊಡಗಿದವು.

ಭೀಮರಾಜನ ಭಾಷಣ ತಡವರಿಸಿತು. "ಆದ್ದರಿಂದ ಬಂಧುಗಳೇ... ಈ ಕೆಂಚಿಯು... ಈ ದಪ್ಪ... ಅಲ್ಲ, ಈ ದುಷ್ಟ..." ಅವನ ಕಣ್ಣು ಒಂದೊಂದು ಈಸಲಿನ ಹಿಂದೆಯೂ ಹೋಗುತ್ತಿತ್ತು. ಒಂದು ಅವನ ಕೊಕ್ಕಿನ ಮುಂದೆಯೇ ಹಾರಿಹೋಯಿತು. ಬಾಯಿ ತೆರೆದ. ಎಲ್ಲರೂ ನೋಡುತ್ತಿದ್ದರು. ಮುಚ್ಚಿದ. ಶಪಥ ಮಾಡಿ ಇನ್ನೂ ಒಂದು ಗಳಿಗೆ ಆಗಿರಲಿಲ್ಲ.

"ಒಂದು ನಿಮಿಷ ಅಮ್ಮಾ. ಆ ಪೊದೆಯ ಹಿಂದೆ ಏನೋ ಸದ್ದು. ನೋಡಿ ಬರ್ತೀನಿ" ಎಂದು ಹಾರಿ ಪೊದೆಯ ಮರೆಗೆ ಹೋದ.

ಮರುಗಳಿಗೆಯಲ್ಲೇ ಕೂಗು ಬಂತು. "ಚಿರತೆ! ಚಿರತೆ! ಓಡಿ!"

ಎಲ್ಲರೂ ಎದ್ದರು. ಗೌರಜ್ಜಿ ಸೊಂಡಿಲು ಎತ್ತಿ ಗಾಳಿ ಮೂಸಿದಳು. ದಾರಿಯ ಕಡೆ ನೋಡಿದಳು. ಮಾಳಪ್ಪ ಕಲ್ಲಿನ ಹಾಗೆ ಕುಳಿತಿದ್ದ.

"ಕೂತ್ಕೊಳ್ಳಿ" ಎಂದಳು.

ಮರಿಗಳು ನಡುಗುತ್ತಾ ಕುಳಿತವು. ಹರಟೆಮಲ್ಲಗಳು ಒಮ್ಮೆ ಅತ್ತ ನೋಡಿ, ಒಮ್ಮೆ ಇತ್ತ ನೋಡಿ, ಮತ್ತೆ ತಿನ್ನತೊಡಗಿದವು. ಪೊದೆಯ ಹಿಂದೆ ಮೌನ. ಈಸಲು ಕಡಿಮೆಯಾಗುತ್ತಾ ಬಂತು. ಇನ್ನು ಸ್ವಲ್ಪ ಹೊತ್ತಿಗೆ ಹುತ್ತ ಬರಿದು.

ಭೀಮರಾಜನಿಗೆ ಅದನ್ನು ನೋಡಲಾಗಲಿಲ್ಲ. ತನ್ನ ಕೂಗಿಗೆ ಇಂದು ಬೆಲೆ ಇಲ್ಲ. ಯಾರ ಕೂಗಿಗೆ ಎಲ್ಲರೂ ಓಡಿಯೇ ಓಡುತ್ತಾರೆ? ಹೊಟ್ಟೆ ಉರಿಯುವಾಗ ಬುದ್ಧಿ ಹೆಚ್ಚು ದೂರ ಓಡುವುದಿಲ್ಲ. ಅವನು ಗಂಟಲು ಸರಿಮಾಡಿಕೊಂಡ.

ಪೊದೆಯ ಹಿಂದಿನಿಂದ ಕೆಂಚಿಯ ಬೊಗಳು ಕೇಳಿಸಿತು. ಗಟ್ಟಿಯಾಗಿ, ಸ್ಪಷ್ಟವಾಗಿ, ಎರಡು ಸಲ.

ಜಿಂಕೆಗಳು ನೆಗೆದವು. ಹಂದಿಗಳು ಎದ್ದವು. ಮೊಲ ಆಗಲೇ ಅರ್ಧ ದಾರಿ ಹೋಗಿತ್ತು. ಕೆಂಚಿ ಬೊಗಳಿದಳೆಂದರೆ ಚಿರತೆ ಇದ್ದೇ ಇದೆ.

ಆಮೇಲೆ ಒಬ್ಬೊಬ್ಬರೇ ನಿಂತರು. ಒಬ್ಬೊಬ್ಬರೇ ಹಿಂತಿರುಗಿ ನೋಡಿದರು.

ಬಯಲಿನ ನಡುವೆ ಕೆಂಚಿ ನಿಂತಿದ್ದಳು. ಬಾಯಿ ಮುಚ್ಚಿತ್ತು. ತನ್ನದೇ ದನಿ ಪೊದೆಯಿಂದ ಬರುವುದನ್ನು ಅವಳೂ ಕಿವಿ ನಿಮಿರಿಸಿ ಕೇಳುತ್ತಿದ್ದಳು. ಮರಿ ಹಾಲು ಕುಡಿಯುವುದನ್ನು ಬಿಟ್ಟು ಪೊದೆಯನ್ನು ನೋಡಿತು. ಆಮೇಲೆ ತಾಯಿಯ ಮುಖ ನೋಡಿತು. ಅದಕ್ಕೆ ಏನೂ ಅರ್ಥವಾಗಲಿಲ್ಲ. ಉಳಿದ ಎಲ್ಲರಿಗೂ ಆಯಿತು.

"ಅಜ್ಜೀ!" ಎಂದು ಕಿರುಚಿದಳು ಬೂದಕ್ಕ. "ಅವತ್ತು ನಾನು ಕೇಳಿದ್ದು ಇದೇ ದನಿ! ಬಿದಿರ ಹಿಂದಿನಿಂದ ಹೀಗೇ..."

"ಸಾಕು ಬೂದಕ್ಕ" ಎಂದ ಮಾಳಪ್ಪ. "ಏನು ಕೇಳಿದೆ ಅನ್ನೋದು ಇಲ್ಲಿ ಬೇಡ."

ಅಷ್ಟರಲ್ಲಿ ಭೀಮರಾಜ ಪೊದೆಯ ಹಿಂದಿನಿಂದ ಹಾರಿ ಬಂದ. ಓಡಿದ ಕಾಲುಗಳ ಸದ್ದು ಕೇಳಿ ಬಯಲು ಬರಿದಾಯಿತೆಂದು ತಿಳಿದಿದ್ದ. ನೇರವಾಗಿ ಹುತ್ತದ ತುದಿಯಲ್ಲಿ ಇಳಿದು ಎರಡು ಈಸಲನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡ. ತಲೆ ಎತ್ತಿದ. ಸುತ್ತಲೂ ಇಡೀ ಕಾಡು ನಿಂತಿತ್ತು.

"ಚಿ... ಚಿರತೆ" ಎಂದ, ಬಾಯಿ ತುಂಬಿಕೊಂಡು.

"ಎಲ್ಲಪ್ಪ?" ಎಂದಳು ಗೌರಜ್ಜಿ.

ಮಾಳಪ್ಪ ದಾರಿಯ ಕಡೆ ತಿರುಗಿ ನೆಲ ನೋಡಿದ.

"ಹೆಜ್ಜೆ ಇಲ್ಲ" ಎಂದ.

ಆಮೇಲೆ ಎದ್ದ ಗದ್ದಲ ಹೇಳತೀರದು. ಎಷ್ಟು ದಿನದ ಓಟ, ಎಷ್ಟು ದಿನದ ಹಸಿವು! "ಹೊಳೆ ದಾಟಿಸಿ ಅವನನ್ನ!" ಎಂದವು ಹಂದಿಗಳು. "ಬಾಲ ಕಿತ್ತು ಕಳಿಸಿ!" ಎಂದಿತು ಓಡಿದ್ದ ಮೊಲ ತಿರುಗಿ ಬಂದು. ಹರಟೆಮಲ್ಲಗಳಂತೂ ತಮ್ಮ ಹುಳಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡು ಬೈದವು.

"ಬೇಡ" ಎಂದ ಮಾಳಪ್ಪ.

ಎಲ್ಲರೂ ಅವನ ಕಡೆ ತಿರುಗಿದರು. ಅವನಿಗೆ ಸಂಕೋಚವಾಯಿತು. ಆದರೂ ತನ್ನ ಜನ್ಮದಲ್ಲೇ ಅತಿ ಉದ್ದದ ಮಾತಾಡಿದ.

"ಚಿರತೆ ಇನ್ನೂ ಇದೆ. ನಾನು ಕಂಡಿದ್ದೀನಿ. ಇವನಷ್ಟು ಚುರುಕು ಕಣ್ಣು ಇಲ್ಲಿ ಯಾರಿಗೂ ಇಲ್ಲ. ಇವನು ನಿಜ ಕೂಗಿದ ದಿನ ನಿಮ್ಮ ಮರಿಗಳು ಉಳಿದಿವೆ. ಪಡೆ ಬೇಕು. ಸುಳ್ಳು ಬೇಡ. ಅಷ್ಟೇ."

ಗೌರಜ್ಜಿ ತೀರ್ಮಾನ ಹೇಳಿದಳು. ಯಜಮಾನಿಕೆ ಇನ್ನು ಬೂದಕ್ಕನದು. ಭೀಮರಾಜ ಎಲ್ಲಕ್ಕಿಂತ ಕೆಳಗಿನ ಕೊಂಬೆಯಲ್ಲಿ, ಮಾಳಪ್ಪನ ಕಣ್ಣಿಗೆ ಕಾಣುವ ಹಾಗೆ ಕೂರಬೇಕು. ಅವನೊಬ್ಬನೇ ಕೂಗಿದರೆ ಯಾರೂ ಓಡಬೇಕಾಗಿಲ್ಲ. ಜೊತೆಗೆ ಕಂಡ ಇನ್ನೊಬ್ಬರು ಕೂಗಬೇಕು. ಹೊಟ್ಟೆಗೆ ಬೇಕಾದ್ದನ್ನು ತಾನೇ ತರಗೆಲೆ ಮಗುಚಿ ಹುಡುಕಿಕೊಳ್ಳಬೇಕು.

ಆಮೇಲೆ ಅವಳು ಕೆಂಚಿಯ ಬಳಿಗೆ ಬಂದಳು. "ತಪ್ಪಾಯ್ತು ಮಗಳೇ" ಎಂದಳು.

"ಮೆಲ್ಲಗೆ ಮಾತಾಡು ಅಜ್ಜಿ" ಎಂದಳು ಕೆಂಚಿ. "ಮರಿ ನಿದ್ದೆ ಹೋಗಿದೆ."

ಕಾಜಾಣದ ಕಾಲು ಗಿಡ್ಡ. ನೆಲದ ಮೇಲೆ ನಡೆದು ಎಲೆ ಮಗುಚಲು ಬರುವುದಿಲ್ಲ. ಭೀಮರಾಜ ಎಲೆಯ ಮೇಲೆ ಎಡವಿ ಬೀಳುವುದನ್ನು ನೋಡಲು ಮರಿಗಳು ಸಂಜೆ ಹೊತ್ತು ಸೇರುತ್ತಿದ್ದವು. ಹಿಂದೆ ಅವನು ನಗಿಸಿದರೆ ನಗುತ್ತಿದ್ದವು. ಈಗ ಅವನನ್ನು ನೋಡಿ ನಗುತ್ತಿದ್ದವು. ಬೂದಕ್ಕನಿಗೆ ಕನಿಕರ ಹೆಚ್ಚು. ಯಾರೂ ನೋಡದಾಗ ಒಂದೆರಡು ಹುಳ ಅವನ ಮುಂದೆ ಬೀಳಿಸಿ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಭೀಮರಾಜ ಕೂಗಿದ. ಯಾರೂ ಅಲುಗಲಿಲ್ಲ. ಅವನು ಬೂದಕ್ಕನ ಬಳಿ ಹಾರಿ, "ನೀನೇ ನೋಡು ತಾಯಿ, ಅಗೋ ಆ ಹುಲ್ಲಿನಲ್ಲಿ!" ಎಂದು ಅಂಗಲಾಚಿದ. ಬೂದಕ್ಕ ನೋಡಿದಳು. ಕೂಗಿದಳು. ಎಲ್ಲರೂ ಓಡಿದರು. ಮಾಳಪ್ಪ ಎಂದಿನಂತೆ ಎದುರು ದಿಕ್ಕಿಗೆ ಹೋದ, ನೋಡಿದ, ಬಂದ.

ಭೀಮರಾಜ ಕೆಳಗಿನ ಕೊಂಬೆಯಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದ.

"ಹೆಜ್ಜೆ ಇತ್ತು" ಎಂದ ಮಾಳಪ್ಪ.

ಭೀಮರಾಜ ಮುಖ ಆಚೆ ತಿರುಗಿಸಿಕೊಂಡ. ಆ ದಿನವೆಲ್ಲ ಅವನ ಜುಟ್ಟು ನೆಟ್ಟಗೆ ನಿಂತಿತ್ತು.

ಕಾಲ ಯಾರಿಗೂ ನಿಲ್ಲುವುದಿಲ್ಲ. ಮಾಳಪ್ಪನ ಮೂಗು ಮಂದವಾಯಿತು. ನಡೆದರೆ ಮೊಣಕಾಲು ನೋಯುತ್ತಿತ್ತು. ಒಂದು ದಿನ ಅವನು ಗೌರಜ್ಜಿಗೆ, "ಇನ್ನು ಆಗಲ್ಲ ಅಜ್ಜಿ" ಎಂದ. ಗೌರಜ್ಜಿ ಸೊಂಡಿಲಿನಿಂದ ಅವನ ಮೂತಿಯನ್ನು ಮೆಲ್ಲಗೆ ಮುಟ್ಟಿದಳು. ಅವನು ಹೊರಟು ಹೊಳೆಯ ಪಕ್ಕದ ದಾರಿ ಹಿಡಿದ.

ಅಲ್ಲಿ ಕೆಂಚಿ ಮೇಯುತ್ತಿದ್ದಳು. ಅವಳಿಗೂ ವಯಸ್ಸಾಗಿತ್ತು. ಅಂದಿನ ಮರಿ ಈಗ ಕೊಂಬು ಬಂದ ಗಂಡು. ಸ್ವಲ್ಪ ದೂರದಲ್ಲಿ ನಿಂತು ಹುಲ್ಲು ಕೀಳುತ್ತಿತ್ತು.

"ಕೆಲಸ ಬಿಟ್ಟೆಯಂತೆ ಅಣ್ಣಾ?"

"ಹೂಂ."

"ಹಾಗಾದರೆ ಈಗಲಾದರೂ ಹೇಳು. ಅವತ್ತು ನಾನು ಏನಂದೆ ಅಂತ ಹೇಳಿದ್ದರು? ಇಷ್ಟು ವರ್ಷ ಮನಸ್ಸಿನಲ್ಲಿ ಕೊರೀತಿದೆ."

ಮಾಳಪ್ಪ ಆ ಗಂಡುಮರಿಯನ್ನು ನೋಡಿದ. ಆ ಮಾತು ಅವನಿಗೆ ಇನ್ನೂ ಚೆನ್ನಾಗಿ ನೆನಪಿತ್ತು.

"ಹೇಳುವ ಹಾಗಿಲ್ಲ."

"ಕೆಲಸ ಬಿಟ್ಟೆಯಲ್ಲ!"

"ಕೆಲಸ ಬಿಟ್ಟೆ. ಗುಟ್ಟು ಬಿಟ್ಟಿಲ್ಲ."

ಕೆಂಚಿಗೆ ಸಿಟ್ಟು ಬಂತು. ಆಮೇಲೆ ಅವನ ಮುಖ ನೋಡಿ ಅವಳಿಗೆ ಏನೋ ಹೊಳೆಯಿತು. ಇವನು ತನ್ನಿಂದ ಮುಚ್ಚಿಡುತ್ತಿಲ್ಲ, ತನಗಾಗಿ ಹೊತ್ತುಕೊಂಡು ತಿರುಗುತ್ತಿದ್ದಾನೆ.

"ಹೋಗಲಿ ಬಿಡು" ಎಂದಳು. "ಈ ಕಡೆ ಹುಲ್ಲು ಮೆತ್ತಗಿದೆ. ಸ್ವಲ್ಪ ಹೊತ್ತು ಕೂತು ಹೋಗು."

ಮಾಳಪ್ಪ ಕುಳಿತ. ಕೆಂಚಿ ಪಕ್ಕದಲ್ಲೇ ಮೇಯತೊಡಗಿದಳು. ಹೊಳೆ ಹರಿಯುತ್ತಿತ್ತು.

ನೀತಿ: ನಮ್ಮನ್ನು ಕಾಯುವವರ ಮೇಲೂ ಒಂದು ಕಣ್ಣಿರಬೇಕು. ಆ ಕಣ್ಣು ನಿಜವನ್ನು ನಿಜವೆಂದೂ ಸುಳ್ಳನ್ನು ಸುಳ್ಳೆಂದೂ ಹೇಳಬೇಕು, ಕೊಟ್ಟ ಮಾತಿಗೆ ತಪ್ಪಬಾರದು.